ಮಳೆ ಲೆಕ್ಕದ ಪುಸ್ತಕ

ನಮ್ಮ ಚಿಕ್ಕಪ್ಪನ ಹತ್ತಿರ ಒಂದು ದಪ್ಪ ರಟ್ಟಿನ ಪುಸ್ತಕ ಇದೆ. ಕೊಡಗಿನಲ್ಲಿ ಕಾಫಿ ಬೆಳೆಯುವವರ ಎಷ್ಟೋ ಮನೆಗಳಲ್ಲಿ ಇಂಥದ್ದೊಂದು ಇರುತ್ತದೆ. ಬೆಳಿಗ್ಗೆ ಎದ್ದು ಮುಖ ತೊಳೆದು ಅಂಗಳದ ಮಳೆಮಾಪಕದ ಹತ್ತಿರ ಹೋಗುವುದು, ಅದರಲ್ಲಿ ಬಿದ್ದ ನೀರನ್ನು ಅಳತೆಯ ಗಾಜಿನ ಕೊಳವೆಗೆ ಸುರಿದು ಕಣ್ಣ ಮಟ್ಟಕ್ಕೆ ಹಿಡಿದು ನೋಡುವುದು, ಒಳಗೆ ಬಂದು ಬರೆಯುವುದು. 1 ಇಂಚು 20 ಸೆಂಟು. ಮಿಲಿಮೀಟರ್ ಲೆಕ್ಕ ಏನಿದ್ದರೂ ಪೇಪರಿನವರಿಗೆ. ತೋಟದವರಿಗೆ ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು.

ಬೇಸಿಗೆ ರಜೆಗೆ ಹೋದಾಗ ಆ ಗಾಜಿನ ಕೊಳವೆ ಹಿಡಿಯುವುದಕ್ಕೆ ನಮ್ಮ ನಮ್ಮಲ್ಲೇ ಜಗಳ. ಅಲ್ಲಿ ಮಳೆಗೆ ಹೆಸರುಗಳಿದ್ದವು. ಮೊದಲು ಹೂ ಮಳೆ ಬರಬೇಕು. ಅದಾಗಿ ಕೆಲವು ವಾರಕ್ಕೆ ಬ್ಯಾಕಿಂಗ್ ಮಳೆ ಬರಬೇಕು. ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ. ಬೆಳಿಗ್ಗೆ ಏಳೂವರೆಯಿಂದ ಚಿಕ್ಕಪ್ಪನ ಫೋನ್ ಶುರು. ಸುತ್ತಮುತ್ತಲಿನ ತೋಟದವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುವ ಮೊದಲ ಮಾತು ಒಂದೇ: "ನಿಮ್ಮಲ್ಲಿ ಎಷ್ಟು?"

ಆ ಪುಸ್ತಕದಲ್ಲಿ 2018ರ ಆಗಸ್ಟ್ 16ರ ಬೆಳಗಿನ ಲೆಕ್ಕ ಇದೆ. 17ರದ್ದು ಇಲ್ಲ. ಅದಾದ ಮೇಲೆ ಬಹಳ ವರ್ಷ ಏನೂ ಇಲ್ಲ.

ಆ ವಾರ ಕೊಡಗಿನಲ್ಲಿ ಏನಾಯಿತು ಅನ್ನುವುದು ನಿಮಗೆ ನೆನಪಿರಬಹುದು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಕಾಲೂರು. ಒಂದು ಕಡೆ ಗುಡ್ಡ ಜರಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಕಡೆ. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ತುಂಡಾಯಿತು. ಜನ ಉಟ್ಟ ಬಟ್ಟೆಯಲ್ಲಿ ಬೆಟ್ಟ ಹತ್ತಿ ಇಳಿದು ಪರಿಹಾರ ಕೇಂದ್ರ ಸೇರಿದರು. ಚಿಕ್ಕಪ್ಪ, ಚಿಕ್ಕಮ್ಮ ಕೂಡ ಕತ್ತಲಲ್ಲಿ ತೋಟದ ನಡುವೆ ನಡೆದು ರಸ್ತೆ ಸೇರಿದವರು. ಮನೆ ಬೀಳಲಿಲ್ಲ. ಅಂಗಳದ ಅರ್ಧ ಮತ್ತು ತೋಟದ ಮುಕ್ಕಾಲು ಹೋಯಿತು. ಆಮೇಲೆ ಅಲ್ಲಿ ಇರಬಾರದು ಅಂದರು. ಎರಡು ವಾರದ ಮೇಲೆ ಯಾರೋ ಜೀಪಿನಲ್ಲಿ ಸಾಮಾನು ತಂದುಕೊಟ್ಟರು. ಪಾತ್ರೆ, ಹಾಸಿಗೆ, ದೇವರ ಫೋಟೋ ಜೊತೆ ಆ ಪುಸ್ತಕವೂ ಬಂದಿತ್ತು.

ಇಬ್ಬರೂ ಮೈಸೂರಿಗೆ, ನಮ್ಮ ಮನೆಗೆ ಬಂದರು.

ಮೊದಲ ಎರಡು ತಿಂಗಳು ಚಿಕ್ಕಪ್ಪನನ್ನು ನೋಡಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಪರಿಹಾರ ಕೇಂದ್ರದಲ್ಲಿ ನೂರಾರು ಜನಕ್ಕೆ ಅನ್ನ ಬೇಯಿಸಲು ನಿಂತ ಮನುಷ್ಯ ಅವರು. ಅರ್ಜಿ ಬರೆಯಲು ಬಾರದವರಿಗೆ ಅರ್ಜಿ ಬರೆದುಕೊಟ್ಟರು. ಕಳೆದುಹೋದ ಪಹಣಿ, ರೇಷನ್ ಕಾರ್ಡಿಗೆ ಓಡಾಡಿದರು. ಅತ್ತಿದ್ದು ಚಿಕ್ಕಮ್ಮ. ರಾತ್ರಿ ಎದ್ದು ಕೂರುತ್ತಿದ್ದುದು, ಊಟ ಬಿಟ್ಟಿದ್ದು ಎಲ್ಲ ಚಿಕ್ಕಮ್ಮನೇ. "ಅವರು ಗಟ್ಟಿ, ಇವರನ್ನ ಜೋಪಾನ ಮಾಡಿ" ಅಂದರು ಬಂದವರೆಲ್ಲ. ನಾವೂ ಹಾಗೇ ಅಂದುಕೊಂಡೆವು.

ದೀಪಾವಳಿ ಹೊತ್ತಿಗೆ ಚಿಕ್ಕಮ್ಮ ಪಕ್ಕದ ಮನೆಯವರ ಜೊತೆ ಸಂತೆಗೆ ಹೋಗಲು ಶುರು ಮಾಡಿದ್ದರು. ಚಿಕ್ಕಪ್ಪ ಮಾತು ಕಡಿಮೆ ಮಾಡುತ್ತಾ ಬಂದಿದ್ದರು.

ಫೆಬ್ರವರಿಯ ಒಂದು ಬೆಳಿಗ್ಗೆ ನಮ್ಮ ಬೀದಿಯಲ್ಲಿ ಒಳಚರಂಡಿ ಪೈಪ್ ಹಾಕಲು ಜೆಸಿಬಿ ಬಂತು. ಸುಡುವ ಬಿಸಿಲು. ಒಂದು ಹನಿ ಮೋಡ ಇಲ್ಲ. ಮಣ್ಣು ಅಗೆದು ರಾಶಿ ಹಾಕುತ್ತಿದ್ದರು. ಒಳಗಿನ ಮಣ್ಣು ಇನ್ನೂ ಹಸಿ. ಕೊಯ್ದ ಬೇರಿನ ವಾಸನೆ ಮನೆಯೊಳಗೂ ಬರುತ್ತಿತ್ತು. ನಾನು ಅಡುಗೆಮನೆಯಲ್ಲಿದ್ದೆ. ಏನೋ ಬಿದ್ದ ಶಬ್ದ. ಬಂದು ನೋಡಿದರೆ ಚಿಕ್ಕಪ್ಪ ಹಾಲಿನ ಮೂಲೆಯಲ್ಲಿ, ಟಿವಿ ಸ್ಟ್ಯಾಂಡಿಗೂ ಗೋಡೆಗೂ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಕಾಫಿ ಲೋಟ ಉರುಳಿದೆ. ಬನಿಯನ್ ಬೆವರಿನಲ್ಲಿ ನೆಂದುಹೋಗಿದೆ. ನನ್ನನ್ನು ನೋಡುತ್ತಿದ್ದಾರೆ, ಆದರೆ ನಾನು ಕಾಣಿಸುತ್ತಿಲ್ಲ. "ಲೈಟ್ ಎಲ್ಲಿ? ಲೈಟ್ ಹಾಕು, ಅಜ್ಜನ್ನ ಕರಿ" ಅನ್ನುತ್ತಿದ್ದಾರೆ. ಹಾಲಿನ ತುಂಬ ಬೆಳಿಗ್ಗೆ ಹತ್ತು ಗಂಟೆಯ ಬಿಸಿಲು.

ಅಲ್ಲಿಯವರೆಗೆ ನಾನು ಇದನ್ನು ನೆನಪು ಅಂದುಕೊಂಡಿದ್ದೆ. ಕೆಟ್ಟ ನೆನಪು, ಆದರೂ ನೆನಪು. ನೆನಪಾದರೆ ಕಣ್ಣು ತುಂಬುತ್ತದೆ, ಗಂಟಲು ಕಟ್ಟುತ್ತದೆ. ನಮ್ಮ ಮನೆಯ ಹಾಲಿನಲ್ಲಿ ಕೂತಿದ್ದ ಮನುಷ್ಯನಿಗೆ ನೆನಪು ಬಂದಿರಲಿಲ್ಲ. ಅವರಿಗೆ ಅದು ಆಗ ನಡೆಯುತ್ತಿತ್ತು.

ಆಮೇಲೆ ಒಬ್ಬ ಮನೋವೈದ್ಯರು ನನಗೆ ವಿವರಿಸಿದ್ದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ. ಮಿದುಳಿನಲ್ಲಿ ಬಾದಾಮಿ ಆಕಾರದ ಒಂದು ಭಾಗ ಇದೆ, ಅಮಿಗ್ಡಲಾ ಅಂತ. ಅಪಾಯ ಬಂತು ಅಂತ ಕೂಗುವ ಕಾವಲುಗಾರ ಅದು. ಅದರ ಪಕ್ಕದಲ್ಲೇ ಹಿಪ್ಪೊಕ್ಯಾಂಪಸ್ ಅಂತ ಇನ್ನೊಂದು. ಇದು ಎಲ್ಲಿ ನಡೆಯಿತು, ಯಾವಾಗ ನಡೆಯಿತು ಅಂತ ಲೆಕ್ಕ ಬರೆದಿಡುವ ಗುಮಾಸ್ತ. ಜೀವ ಹೋಗುವಂಥ ಹೊತ್ತಿನಲ್ಲಿ ಕಾವಲುಗಾರನ ಕೂಗಿಗೆ ಗುಮಾಸ್ತನ ಕೈ ನಡುಗುತ್ತದೆ. ವಾಸನೆ, ಸದ್ದು, ಮೈಯ ನಡುಕ ಎಲ್ಲ ದಾಖಲಾಗುತ್ತದೆ, ಆದರೆ ತಾರೀಕು ಬೀಳುವುದಿಲ್ಲ. ತಾರೀಕಿಲ್ಲದ ಕಾಗದ ಯಾವಾಗ ಕೈಗೆ ಸಿಕ್ಕರೂ ಇವತ್ತಿನದ್ದೇ ಅನಿಸುತ್ತದೆ. ವಿಜ್ಞಾನ ಇಷ್ಟು ಸರಳ ಅಲ್ಲ ಅಂತ ಅವರೇ ನಕ್ಕರು. ನನಗೆ ಮಾತ್ರ ಚಿಕ್ಕಪ್ಪನ ಪುಸ್ತಕ ನೆನಪಾಯಿತು. 17ನೇ ತಾರೀಕು ಖಾಲಿ.

ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ ತೆನಾಲಿ ರಾಮನ ಬೆಕ್ಕಿನ ಕತೆ ಇದೆಯಲ್ಲ. ಕೃಷ್ಣದೇವರಾಯ ಊರಿನವರಿಗೆಲ್ಲ ಬೆಕ್ಕು ಕೊಟ್ಟು, ಅದಕ್ಕೆ ಹಾಲು ಹಾಕಲು ಹಸುವನ್ನೂ ಕೊಡುತ್ತಾನೆ. ರಾಮ ಮೊದಲ ದಿನವೇ ಕುದಿಯುವ ಹಾಲು ಇಡುತ್ತಾನೆ. ಆಮೇಲೆ ಬೆಕ್ಕು ಹಾಲಿನ ಬಟ್ಟಲು ಕಂಡರೆ ಸಾಕು ಓಡುತ್ತದೆ. ನಾವು ರಾಮನ ಜಾಣತನಕ್ಕೆ ನಗುತ್ತಿದ್ದೆವು. ಆ ಬೆಕ್ಕು ತಣ್ಣಗಿನ ಹಾಲು ಇಟ್ಟರೂ ಓಡುತ್ತಿತ್ತು, ಹಸಿದುಕೊಂಡೇ ಇರುತ್ತಿತ್ತು ಅನ್ನುವುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಮಳೆಗಾಗಿ ವರ್ಷವಿಡೀ ಕಾಯುತ್ತಿದ್ದ ನಮ್ಮ ಚಿಕ್ಕಪ್ಪ ಮಳೆ ಬಂದರೆ ಕಿಟಕಿ ಮುಚ್ಚಿ ಫ್ಯಾನ್ ಐದರಲ್ಲಿ ಇಟ್ಟು ಮಲಗುತ್ತಿದ್ದರು. ಹನಿಯ ಸದ್ದು ಕೇಳಬಾರದಲ್ಲ, ಅದಕ್ಕೆ.

ಇದಕ್ಕೆ ಪಿಟಿಎಸ್‌ಡಿ ಅನ್ನುತ್ತಾರೆ. ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್. ಆಘಾತ ಆದ ಮೇಲೆ ಉಳಿದುಕೊಳ್ಳುವ ಒತ್ತಡದ ಕಾಯಿಲೆ ಅಂತ ಹೇಳಬಹುದು. ನಡೆದದ್ದು ಕನಸಿನಲ್ಲೋ ಎಚ್ಚರದಲ್ಲೋ ಮತ್ತೆ ಮತ್ತೆ ನುಗ್ಗಿ ಬರುವುದು, ಅದನ್ನು ನೆನಪಿಸುವ ಜಾಗ, ಜನ, ಮಾತು ಎಲ್ಲದರಿಂದ ತಪ್ಪಿಸಿಕೊಳ್ಳುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಸಿಡುಕು, ನಿದ್ದೆ ಇಲ್ಲ, ಯಾವುದರಲ್ಲೂ ರುಚಿ ಇಲ್ಲ. ದುರಂತ ಆದ ಮೊದಲ ವಾರಗಳಲ್ಲಿ ಇದು ಯಾರಿಗಾದರೂ ಆಗಬಹುದು. ಚಿಕ್ಕಮ್ಮನಿಗೆ ಆಗಿದ್ದು ಅದೇ, ತಾನಾಗಿ ಇಳಿಯಿತು. ಬಹಳ ಜನಕ್ಕೆ ಹಾಗೇ ಇಳಿಯುತ್ತದೆ. ಒಂದು ತಿಂಗಳು ದಾಟಿದ ಮೇಲೂ ಇಳಿಯದೆ ಬದುಕನ್ನೇ ಹಿಡಿದು ನಿಲ್ಲಿಸಿದರೆ ಆಗ ವೈದ್ಯರು ಈ ಹೆಸರು ಹೇಳುತ್ತಾರೆ. ಕೆಲವರಲ್ಲಿ ಆರು ತಿಂಗಳಾದ ಮೇಲೆ ಪೂರ್ತಿ ಕಾಣಿಸಿಕೊಳ್ಳುವುದೂ ಉಂಟು. ಅಲ್ಲಿಯವರೆಗೆ ಆ ಮನುಷ್ಯ ಊರಿಗೆಲ್ಲ ಅನ್ನ ಬೇಯಿಸುತ್ತಾ ಇರಬಹುದು.

ಹೆಸರು ಹೊಸದು, ಕಷ್ಟ ಹಳೆಯದು. ಮೊದಲ ಮಹಾಯುದ್ಧದಲ್ಲಿ ನಡುಗುತ್ತಾ ಕೂತ ಸೈನಿಕರಿಗೆ 'ಶೆಲ್ ಶಾಕ್' ಅಂದರು. ಚಾರ್ಲ್ಸ್ ಮೈಯರ್ಸ್ ಅನ್ನುವ ವೈದ್ಯ 1915ರಲ್ಲಿ ಆ ಬಗ್ಗೆ ಬರೆದ. ಅದೇ ಯುದ್ಧದಲ್ಲಿ ಬ್ರಿಟಿಷ್ ಸೇನೆ ಹೇಡಿತನ, ಪಲಾಯನ ಅಂತ ತನ್ನದೇ ಸೈನಿಕರನ್ನು ನಿಲ್ಲಿಸಿ ಗುಂಡು ಹೊಡೆಯಿತು. ಹಾಗೆ ಸತ್ತವರಲ್ಲಿ 306 ಜನಕ್ಕೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಅವರಲ್ಲಿ ಎಷ್ಟು ಜನ ಕಾಯಿಲೆಯವರಿದ್ದರೋ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಒತ್ತಾಯದಿಂದ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪಿಟಿಎಸ್‌ಡಿ ಅನ್ನುವ ಹೆಸರು ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. 1918ರಲ್ಲಿ ಹೈಫಾದಲ್ಲಿ ಕುದುರೆ ಮೇಲೆ ನುಗ್ಗಿ ಗೆದ್ದವರು. ಸತ್ತವರ ಹೆಸರು ಕಲ್ಲಿನ ಮೇಲಿದೆ, ಸರಿ. ಬದುಕಿ ಊರಿಗೆ ಬಂದವರು ರಾತ್ರಿ ಹೇಗೆ ಮಲಗಿದರು ಅಂತ ಯಾರು ಬರೆದಿಟ್ಟಿದ್ದಾರೆ?

ಯುದ್ಧವೇ ಆಗಬೇಕು ಅಂತಿಲ್ಲ. ಅಪಘಾತ, ಅತ್ಯಾಚಾರ, ಮನೆಯೊಳಗಿನ ಹೊಡೆತ, ಐಸಿಯುನಲ್ಲಿ ಕಳೆದ ದಿನಗಳು, ಜೀವಕ್ಕೆ ಬಂದ ಹೆರಿಗೆ. ನಮ್ಮಲ್ಲೇ 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಮಕ್ಕಳು. ಆ ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ನಿಮ್ಹಾನ್ಸಿನವರು ಹೋಗಿ ಕೂತು ಕೇಳಿ ಬರೆದಿಟ್ಟರು. ದೇಶದಲ್ಲಿ ದುರಂತ ಕಂಡವರ ಮನಸ್ಸಿನ ಬಗ್ಗೆ ನಡೆದ ಮೊದಮೊದಲ ಕೆಲಸಗಳಲ್ಲಿ ಅದೂ ಒಂದು. ಭೋಪಾಲ, ಗುಜರಾತಿನ ಭೂಕಂಪ, ಸುನಾಮಿ ಎಲ್ಲ ಕಡೆ ಅವರೇ ಓಡಿದರು. 2018ರಲ್ಲಿ ಕೊಡಗಿಗೂ ಬಂದಿದ್ದರು. ಚಿಕ್ಕಪ್ಪ ಅವರಿಗೂ ಟೀ ಮಾಡಿಕೊಟ್ಟು ಕಳಿಸಿದ್ದರಂತೆ. "ನನಗೇನಾಗಿದೆ? ಬೇರೆಯವರನ್ನ ನೋಡಿ" ಅಂತ.

ನಾವು ಮಾಡಿದ ತಪ್ಪುಗಳನ್ನು ಈಗ ಹೇಳಬೇಕು. ಇದೇ ಉದ್ದ ಆಗುತ್ತದೆ.

ಜೆಸಿಬಿ ಬಂದ ದಿನದ ಮೇಲೆ ಒಬ್ಬ ವೈದ್ಯರ ಹತ್ತಿರ ಹೋದೆವು. ಎದೆ ಢವಢವ ಅಂದರು ಅಂತ ಇಸಿಜಿ ಮಾಡಿಸಿ, ಗ್ಯಾಸ್ ಅಂತ ಮಾತ್ರೆ ಬರೆದರು. ಮಡಿಕೇರಿ ಕಡೆಯಿಂದ ಬಂದವರು ಅಂತ ನಾವು ಹೇಳಲಿಲ್ಲ, ಅವರು ಕೇಳಲಿಲ್ಲ. ಅಮ್ಮ ತಾಯತ ಕಟ್ಟಿಸಿದಳು. ತಾಯತ ಏನೂ ಕೆಡಿಸಲಿಲ್ಲ ಬಿಡಿ, ಅದನ್ನು ಕಟ್ಟಿಸಲು ಅಮ್ಮ ಚಿಕ್ಕಪ್ಪನ ಪಕ್ಕ ಬಸ್ಸಿನಲ್ಲಿ ಎರಡು ಗಂಟೆ ಸುಮ್ನೆ ಕೂತು ಹೋಗಿ ಬಂದಿದ್ದಳಲ್ಲ, ಅದೇ ಒಳ್ಳೆಯದಾಯಿತು. ಕೆಡಿಸಿದ್ದು ನಮ್ಮ ಮಾತು. "ಮರೆತುಬಿಡಿ ಚಿಕ್ಕಪ್ಪ." "ಜೀವ ಉಳಿಯಿತಲ್ಲ, ಅದಕ್ಕೆ ಸಂತೋಷ ಪಡಿ." "ಎಲ್ಲಾ ಕಳ್ಕೊಂಡವರಿಲ್ವಾ, ಅವರನ್ನ ನೋಡಿ." ಒಂದೊಂದು ಮಾತಿಗೂ ಅವರು "ಹೂಂ" ಅನ್ನುತ್ತಿದ್ದರು. ಒಂದೊಂದು ಹೂಂಗೂ ಒಂದು ಹೆಜ್ಜೆ ದೂರ ಹೋಗುತ್ತಿದ್ದರು.

ನನ್ನ ದೊಡ್ಡ ತಪ್ಪು ಏಪ್ರಿಲ್‌ನಲ್ಲಿ ಆಯಿತು. ಹೆದರಿಕೆ ಎದುರಿಸಿದರೆ ಹೋಗುತ್ತದೆ ಅಂತ ಎಲ್ಲೋ ಓದಿದ್ದೆ. ಕಾರಿನಲ್ಲಿ ಕೂರಿಸಿಕೊಂಡು, ಮಡಿಕೇರಿಯಲ್ಲಿ ಕೆಲಸ ಇದೆ ಅಂತ ಸುಳ್ಳು ಹೇಳಿ, ಸೀದಾ ತೋಟದ ಹತ್ತಿರ ಕರೆದುಕೊಂಡು ಹೋದೆ. ಅವರು ಕಾರಿನಿಂದ ಇಳಿಯಲೇ ಇಲ್ಲ. ಬಾಗಿಲಿನ ಹಿಡಿ ಹಿಡಿದುಕೊಂಡಿದ್ದ ಬೆರಳು ಬೆಳ್ಳಗಾಗಿದ್ದವು. ವಾಪಸ್ ಬರುವಾಗ ಕುಶಾಲನಗರ ದಾಟುವವರೆಗೂ ಮಾತಿಲ್ಲ. ಆಮೇಲೆ ಒಂದೇ ಮಾತು: "ಹೇಳಿ ಕರ್ಕೊಂಡು ಹೋಗಬಹುದಿತ್ತು ಮಗಳೇ."

ಹೆದರಿಕೆ ಎದುರಿಸುವುದು ನಿಜವಾಗಿಯೂ ಚಿಕಿತ್ಸೆಯ ಭಾಗವೇ. ಆದರೆ ಯಾವ ಮೆಟ್ಟಿಲು, ಯಾವಾಗ, ಯಾರ ಜೊತೆ ಅನ್ನುವುದನ್ನು ಆ ಮನುಷ್ಯನೇ ತೀರ್ಮಾನಿಸಬೇಕು. ಆ ರಾತ್ರಿ ಗುಡ್ಡ ಅವರನ್ನು ಕೇಳದೆ ಬಂದಿತ್ತು. ನಾನೂ ಅದನ್ನೇ ಮಾಡಿದ್ದೆ.

ಆ ಹೊತ್ತಿಗೆ ಕುಡಿತ ಜಾಸ್ತಿಯಾಗಿತ್ತು. ಮೊದಲು ಹಬ್ಬಕ್ಕೆ, ಮದುವೆಗೆ ಕುಡಿಯುತ್ತಿದ್ದವರು. ಈಗ ಮಲಗುವುದಕ್ಕೆ. ಅದು ಸಾಲದೆ ಯಾರದೋ ಹಳೇ ಚೀಟಿ ತೋರಿಸಿ ತಂದ ನಿದ್ದೆ ಮಾತ್ರೆ. ಇವೆರಡೂ ಸೇರಿದರೆ ಜೀವಕ್ಕೇ ಕುತ್ತು, ಅದು ನಮಗೆ ಗೊತ್ತಿರಲಿಲ್ಲ. ಬೈದೆವು. ಬಾಟಲಿ ಬಚ್ಚಿಟ್ಟೆವು. ಕುಡುಕ ಅಂತ ಹೆಸರು ಬಿದ್ದರೆ ನಮ್ಮಲ್ಲಿ ಕತೆ ಅಲ್ಲಿಗೆ ಮುಗಿಯಿತು ಅಲ್ವಾ? ಅದರ ಕೆಳಗೆ ಏನಿದೆ ಅಂತ ಯಾರೂ ಕೆದಕುವುದಿಲ್ಲ.

ಚಿಕ್ಕಮ್ಮನ ಬಗ್ಗೆ ಒಂದು ಮಾತು. ಒಂದೇ ರಾತ್ರಿ, ಒಂದೇ ಕತ್ತಲು, ಒಂದೇ ಕಾಲುದಾರಿ. ಒಬ್ಬರಿಗೆ ಉಳಿಯಿತು, ಒಬ್ಬರಿಗೆ ಇಳಿಯಿತು. ಇದರಲ್ಲಿ ಗಟ್ಟಿ, ಮೆದು ಅನ್ನುವ ಲೆಕ್ಕ ಇಲ್ಲ. ಆದರೆ ಇಳಿದವರ ಹೆಗಲ ಮೇಲೆ ಉಳಿದವರ ಭಾರ ಬೀಳುತ್ತದೆ. ರಾತ್ರಿ ಮೂರಕ್ಕೆ ಗಂಡ ಕಿರುಚಿ ಏಳುತ್ತಾನೆ, ಬೆಳಿಗ್ಗೆ ಅವನಿಗೇ ನಾಚಿಕೆ, ನಾಚಿಕೆಗೆ ಸಿಟ್ಟು, ಸಿಟ್ಟಿಗೆ ಸಿಗುವವಳು ಹೆಂಡತಿ. ಒಂದು ದಿನ ಬಟ್ಟೆ ಒಣಹಾಕುತ್ತಾ ಚಿಕ್ಕಮ್ಮ ಅಂದರು: "ಗುಡ್ಡ ಒಂದ್ಸಲ ಬಂತು ಹೋಯ್ತು ಕಣೇ. ಇವರು ದಿನಾ ಬರ್ತಾರೆ." ನಗುತ್ತಾ ಅಂದರು. ನಾನು ನಗಲಿಲ್ಲ. ಅವತ್ತಿನಿಂದ ವಾರದಲ್ಲಿ ಒಂದು ರಾತ್ರಿ ಚಿಕ್ಕಮ್ಮ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುವುದು ಅಂತಾಯಿತು. ಆ ರಾತ್ರಿ ಹಾಲಿನಲ್ಲಿ ನನ್ನ ಗಂಡ ಮಲಗುತ್ತಿದ್ದರು.

ಕೊನೆಗೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋದೆವು. "ನನಗೆ ಹುಚ್ಚು ಅಂತೀಯಾ?" ಅಂತ ಕೇಳಿದ್ದರು. "ನಿದ್ದೆಗೆ ತೋರಿಸೋಣ" ಅಂದೆ. ಅದು ಸುಳ್ಳಲ್ಲ. ನಿದ್ದೆಯೇ ಅವರಿಗೆ ದೊಡ್ಡ ಕಷ್ಟವಾಗಿತ್ತು. ಜಿಲ್ಲಾ ಮಟ್ಟದಲ್ಲಿ ಮನಸ್ಸಿನ ಕಾಯಿಲೆಗೆ ಔಷಧಿ, ವೈದ್ಯರು ಸಿಗಬೇಕು ಅಂತ ದೇಶದಲ್ಲಿ ಮೊದಲು ಪ್ರಯೋಗ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. 1996ರಿಂದ ಅದು ದೇಶದ ಕಾರ್ಯಕ್ರಮವಾಯಿತು. ಆದರೂ ನಾವು ಆ ಬಾಗಿಲಿಗೆ ಹೋಗಲು ಎಂಟು ತಿಂಗಳು ತೆಗೆದುಕೊಂಡೆವು.

ಮನೋವೈದ್ಯರು ಸರ್ಟ್ರಲಿನ್ ಅನ್ನುವ ಮಾತ್ರೆ ಶುರು ಮಾಡಿದರು. ಕೆಲಸ ಮಾಡಲು ಕೆಲವು ವಾರ ಬೇಕು, ಮಧ್ಯದಲ್ಲಿ ಬಿಡಬೇಡಿ ಅಂದರು. ನಿದ್ದೆ ಮಾತ್ರೆಯನ್ನು ನಿಧಾನವಾಗಿ ಇಳಿಸಿದರು. ಕುಡಿತದ ಬಗ್ಗೆ ಬೈಯದೆ ಕೇಳಿದರು. ಇನ್ನೊಂದು ಪ್ರಶ್ನೆ ಕೇಳಿದರು, ನಮಗ್ಯಾರಿಗೂ ಬಾಯಿ ಬರದೆ ಇದ್ದದ್ದು. "ಸತ್ತುಹೋಗೋಣ ಅಂತ ಅನ್ಸಿದ್ಯಾ?" ಚಿಕ್ಕಪ್ಪ ಸ್ವಲ್ಪ ಹೊತ್ತು ಕಿಟಕಿ ನೋಡಿ "ಅನ್ಸಿದೆ" ಅಂದರು. ಅದನ್ನು ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ನಾನು ಹೆದರಿದ್ದೆ. ಹಾಗಾಗುವುದಿಲ್ಲ. ಕೇಳಿದ್ದಕ್ಕೆ ಅವರ ಭುಜ ಒಂದಿಷ್ಟು ಕೆಳಗಿಳಿದದ್ದನ್ನು ನಾನೇ ನೋಡಿದೆ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ನೇರವಾಗಿ ಕೇಳಿ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅನ್ನುವ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ.

ಮಾತಿನ ಚಿಕಿತ್ಸೆ ಒಬ್ಬ ಸೈಕಾಲಜಿಸ್ಟ್ ಹುಡುಗಿಯ ಹತ್ತಿರ. ನನಗಿಂತ ಚಿಕ್ಕವಳು. ಮೊದಲ ಕೆಲವು ವಾರ ಆ ರಾತ್ರಿಯ ಬಗ್ಗೆ ಕೇಳಲೇ ಇಲ್ಲ. ಉಸಿರು, ನಿದ್ದೆಯ ಹೊತ್ತು, ಬೆಳಗಿನ ನಡಿಗೆ. ನನಗೆ ಸಿಟ್ಟೇ ಬಂತು, ಇಷ್ಟಕ್ಕೆ ಇಷ್ಟು ದೂರ ಬರಬೇಕಾ ಅಂತ. ಆಮೇಲೆ ಗೊತ್ತಾಯಿತು, ಆಳದ ನೀರಿಗೆ ಇಳಿಸುವ ಮೊದಲು ದಡ ಗಟ್ಟಿ ಮಾಡುತ್ತಿದ್ದಳು. ಆಮೇಲೆ ಆ ರಾತ್ರಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸಿದಳು. ಮತ್ತೆ ಹೇಳಿಸಿದಳು. ಮುಂದಿನ ವಾರ ಮತ್ತೆ.

ಇಲ್ಲಿ ನನಗೊಂದು ಗೊಂದಲ ಇತ್ತು. ಪರಿಹಾರ ಕೇಂದ್ರದಲ್ಲಿ ಮೈಕ್ ಹಿಡಿದು ಬಂದವರೂ ಅವರಿಂದ ಆ ರಾತ್ರಿಯನ್ನು ಹತ್ತು ಸಲ ಹೇಳಿಸಿದ್ದರಲ್ಲ, ಅದರಿಂದ ಕೆಟ್ಟದ್ದೇ ಆಯಿತಲ್ಲ? ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ದುರಂತ ಆದ ತಕ್ಷಣ ಒತ್ತಾಯ ಮಾಡಿ ಬಾಯಿ ಬಿಡಿಸುವುದರಿಂದ ಉಪಕಾರ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆಗ ಬೇಕಾದ್ದು ಒಣ ಬಟ್ಟೆ, ಬಿಸಿ ಊಟ, ಮನೆಯವರ ಸುದ್ದಿ, ಅವರಾಗಿ ಹೇಳಿದರೆ ಕೇಳುವ ಕಿವಿ. ತಿಂಗಳುಗಟ್ಟಲೆ ಆದ ಮೇಲೆ, ಕಲಿತವರ ಮುಂದೆ, ಬಾಗಿಲು ಹಾಕಿದ ಕೋಣೆಯಲ್ಲಿ, ಸಾಕು ಅಂದರೆ ನಿಲ್ಲಿಸಬಹುದು ಅನ್ನುವ ಭರವಸೆ ಇಟ್ಟುಕೊಂಡು ಹೇಳುವುದು ಬೇರೆ. ಇ.ಎಂ.ಡಿ.ಆರ್. ಅಂತ ಇನ್ನೊಂದು ಬಗೆಯೂ ಇದೆ. ಚಿಕಿತ್ಸಕರ ಬೆರಳನ್ನು ಕಣ್ಣಲ್ಲಿ ಹಿಂಬಾಲಿಸುತ್ತಾ ಆ ಘಟನೆಯನ್ನು ಮನಸ್ಸಿಗೆ ತಂದುಕೊಳ್ಳುವುದು. ನೋಡಿದರೆ ಮಾಟದ ಹಾಗೆ ಕಾಣುತ್ತದೆ, ಆದರೆ ಅದಕ್ಕೂ ಒಳ್ಳೆಯ ಆಧಾರ ಇದೆ. ನಮಗೆ ಅದರ ಅಗತ್ಯ ಬೀಳಲಿಲ್ಲ.

ಹೇಳುತ್ತಾ ಹೇಳುತ್ತಾ ಚಿಕ್ಕಪ್ಪನ ಕತೆ ಪ್ರತಿ ಸಲ ಒಂದೇ ಕಡೆ ಕುಂಟುತ್ತಿತ್ತಂತೆ. ಗುಡ್ಡ ಜಾರಿದ ಕಡೆ ಅಲ್ಲ. ಅದರ ಹಿಂದಿನ ಸಂಜೆ.

ಇದನ್ನು ಅವರು ನಮಗೆ ಹೇಳಿದ್ದು ಆಮೇಲೆ, ತಾರಸಿಯಲ್ಲಿ, ಕರೆಂಟ್ ಹೋದ ಒಂದು ರಾತ್ರಿ. 15ರ ಸಂಜೆ ಪಕ್ಕದ ತೋಟದ ಅಜ್ಜ ಛತ್ರಿ ಹಿಡಿದುಕೊಂಡು ಬಂದಿದ್ದರಂತೆ. "ಏನ್ ಮಾಡೋದು, ಪೇಟೆ ಕಡೆ ಹೋಗಿಬಿಡೋದಾ?" ಅಂತ ಕೇಳಿದರಂತೆ. ಚಿಕ್ಕಪ್ಪ ಒಳಗೆ ಹೋಗಿ ಮಳೆ ಲೆಕ್ಕದ ಪುಸ್ತಕ ತಂದು ಲಾಟೀನಿನ ಬೆಳಕಿನಲ್ಲಿ ಬಿಡಿಸಿ ತೋರಿಸಿದರಂತೆ. ನೋಡಿ, ಈ ವರ್ಷ ಇಷ್ಟು ಬಿದ್ದಿತ್ತು, ಆ ವರ್ಷ ಅಷ್ಟು ಬಿದ್ದಿತ್ತು. "ಏನೂ ಆಗಲ್ಲ ಅಜ್ಜ. ಇಂಥ ಮಳೆ ನಾವು ನೋಡದೆ ಇರೋದಾ?" ಅಜ್ಜ ಒಂದು ಲೋಟ ಕಾಫಿ ಕುಡಿದು ಮನೆಗೆ ಹೋದರು. ಮರುದಿನ ರಾತ್ರಿ ಮಣ್ಣು ಬಂದದ್ದು ಅಜ್ಜನ ಮನೆ ಮೇಲೆ.

"ನನ್ನ ಪುಸ್ತಕ ನೋಡಿ ಉಳ್ಕೊಂಡ್ರು" ಅಂದರು ಚಿಕ್ಕಪ್ಪ.

ಒಂದು ವರ್ಷ ನಾವು ಅವರ ಹೆದರಿಕೆಗೆ ಮದ್ದು ಹುಡುಕಿದ್ದೆವು. ಹೆದರಿಕೆ ಇತ್ತು, ನಿಜ. ಅದರ ಅಡಿಯಲ್ಲಿ ಇದ್ದದ್ದು ಇದು. ಜೀವ ಉಳಿಯಿತಲ್ಲ, ಸಂತೋಷ ಪಡಿ ಅಂತ ನಾವು ಅಂದಾಗಲೆಲ್ಲ ಆ ಮನುಷ್ಯನಿಗೆ ಏನು ಕೇಳಿಸಿರಬೇಕು? ನಿನ್ನ ಜೀವ ಉಳಿಯಿತು, ಅಜ್ಜನದ್ದು ಉಳಿಯಲಿಲ್ಲ ಅಂತ ತಾನೇ. ಬದುಕಿ ಉಳಿದವರಲ್ಲಿ ಈ ತಪ್ಪಿನ ಭಾರ ಬಹಳ ಜನಕ್ಕೆ ಇರುತ್ತದಂತೆ. ಹೊರಗಿನವರಿಗೆ ಕಾಣುವುದು ಬೆಚ್ಚುವುದು, ಸಿಡುಕುವುದು, ಕುಡಿಯುವುದು.

ನಿಮ್ಮ ತಪ್ಪಿಲ್ಲ ಅಂತ ನಾವೆಲ್ಲ ಒಟ್ಟಿಗೆ ಹೇಳಿದೆವು. ಆ ಮಾತಿಗೆ ಅವರು ಮತ್ತೆ "ಹೂಂ" ಅಂದರು. ಸೈಕಾಲಜಿಸ್ಟ್ ಹುಡುಗಿ ಹಾಗೆ ಹೇಳಿರಲಿಲ್ಲ. ಅವಳು ಕೇಳಿದ್ದು ಪ್ರಶ್ನೆಗಳನ್ನು. 15ರ ಸಂಜೆ ನಿಮಗೆ ಏನೇನು ಗೊತ್ತಿತ್ತು? ಬೇರೆ ಯಾರು ಏನು ಹೇಳುತ್ತಿದ್ದರು? ಅಪಾಯ ಅಂತ ನಿಮಗೇ ಅನಿಸಿದ್ದರೆ ಅವತ್ತು ನೀವು, ಚಿಕ್ಕಮ್ಮ ಅಲ್ಲೇ ಮಲಗುತ್ತಿದ್ದಿರಾ? ಈ ಕೊನೆಯ ಪ್ರಶ್ನೆಯನ್ನು ಅವರು ಮನೆಗೆ ತಂದರು. ಎಷ್ಟೋ ದಿನ ಅದನ್ನೇ ತಿರುವಿ ಹಾಕುತ್ತಿದ್ದರು. "ಹೌದಲ್ಲ, ನಾನೂ ಅಲ್ಲೇ ಮಲಗಿದ್ದೆನಲ್ಲ" ಅಂತ ಊಟದ ಮಧ್ಯೆ ಒಂದು ಸಲ ತಾವೇ ಅಂದುಕೊಂಡರು. ಯಾರೂ ಉತ್ತರ ಕೊಡಲಿಲ್ಲ. ಚಿಕ್ಕಮ್ಮ ಇನ್ನೊಂದು ಸೌಟು ಸಾರು ಬಡಿಸಿದರು.

ಮನೆಯಲ್ಲಿ ನಾವು ಕಲಿತದ್ದು ಬಹಳ ಸಣ್ಣ ಸಣ್ಣ ವಿಷಯ. ಮಿಕ್ಸಿ ಹಾಕುವ ಮೊದಲು "ಮಿಕ್ಸಿ ಹಾಕ್ತೀನಿ" ಅಂತ ಕೂಗುವುದು. ಮಲಗಿದವರನ್ನು ಮುಟ್ಟಿ ಎಬ್ಬಿಸದೆ ದೂರದಿಂದ ಕರೆಯುವುದು. ಹಿಂದಿನಿಂದ ಬಂದು ಭುಜ ತಟ್ಟದೆ ಇರುವುದು. ಹಾಗೆ ಮತ್ತೊಮ್ಮೆ ಆದಾಗ ತಬ್ಬಿಕೊಳ್ಳಲು ಓಡದೆ, ಎದುರಿಗೆ, ಒಂದಿಷ್ಟು ದೂರದಲ್ಲಿ ಕೂತು ಮೆಲ್ಲಗೆ ಮಾತಾಡುವುದು: "ಚಿಕ್ಕಪ್ಪ, ಇದು ಮೈಸೂರು. ಇವತ್ತು ಮಂಗಳವಾರ. ಹೊರಗೆ ಸೊಪ್ಪಿನವಳು ಕೂಗ್ತಾ ಇದ್ದಾಳೆ, ಕೇಳಿಸ್ತಿದ್ಯಾ? ಕಾಲು ನೆಲಕ್ಕೆ ಊರಿ. ನೆಲ ತಣ್ಣಗಿದೆ ಅಲ್ವಾ?" ಬಿದ್ದುಹೋದ ತಾರೀಕನ್ನು ಮತ್ತೆ ಬರೆದ ಹಾಗೆ ಅದು. ಮೊದಲು ಅರ್ಧ ಗಂಟೆ ಬೇಕಾಗುತ್ತಿತ್ತು. ಆಮೇಲೆ ಐದು ನಿಮಿಷ. ಆಮೇಲೆ ಅವರೇ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು, ತುಟಿ ಅಲ್ಲಾಡುವುದು ಕಾಣಿಸುತ್ತಿತ್ತು.

ಮತ್ತೆ ಕೆಲಸ. ನಾನು ಅವರಿಗೆ ವಿಶ್ರಾಂತಿ ಅಂತ ಏನೂ ಮಾಡಲು ಬಿಡುತ್ತಿರಲಿಲ್ಲ. ಅದೂ ತಪ್ಪೇ. ತಾರಸಿಯಲ್ಲಿ ಕುಂಡ ಇಟ್ಟು ಮೆಣಸಿನ ಬಳ್ಳಿ ಹಾಕಿಕೊಟ್ಟರು. ಬಳ್ಳಿಗೆ ಗೊಬ್ಬರ ಕಡಿಮೆ ಹಾಕಿದ್ದೀಯ ಅಂತ ನನ್ನ ಮೇಲೆ ರೇಗಿದ ದಿನ, ಎಷ್ಟೋ ತಿಂಗಳ ಮೇಲೆ ಹಳೇ ಚಿಕ್ಕಪ್ಪನ ಸಿಟ್ಟು ನೋಡಿದ ಹಾಗಾಯಿತು.

ಪೂರ್ತಿ ವಾಸಿಯಾಯಿತಾ ಅಂತ ಕೇಳುತ್ತಾರೆ. ನೇರ ಗೆರೆಯಲ್ಲಿ ಹೋಗುವ ಕಾಯಿಲೆ ಅಲ್ಲ ಇದು. ಸರ್ಕಾರ ಜಂಬೂರು, ಮದೆ, ಕರ್ಣಂಗೇರಿ ಕಡೆ ಮನೆ ಕಟ್ಟಿಸಿಕೊಟ್ಟಿತು. ಅಂಥದ್ದೊಂದು ಮನೆಗೆ ಇಬ್ಬರೂ ಹೋದರು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟ ಕುಸಿದಾಗ ವಾರಗಟ್ಟಲೆ ನಿದ್ದೆ ಹೋಯಿತು. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ ಕಡೆ ಭೂಮಿ ನಡುಗಿದಾಗ ಚೀಲ ಹಿಡಿದು ಮತ್ತೆ ನಮ್ಮ ಮನೆಗೆ ಬಂದರು. 2024ರ ಜುಲೈನಲ್ಲಿ ಮೊದಲು ಶಿರೂರು, ಎರಡು ವಾರಕ್ಕೆ ವಯನಾಡು. ಟಿವಿಯಲ್ಲಿ ಅದೇ ಕೆಂಪು ಮಣ್ಣು, ಅದೇ ಜೆಸಿಬಿ, ಹಗಲು ರಾತ್ರಿ. ನಾನು ಗಾಬರಿಯಿಂದ ಫೋನ್ ಮಾಡಿದೆ. "ಟಿವಿ ವಯರ್ ಕಿತ್ತು ಇಟ್ಟಿದೀನಿ" ಅಂದರು. "ಆ ಹುಡುಗಿ ನಂಬರ್ ಇದ್ಯಾ ನಿನ್ಹತ್ರ? ಒಂದ್ಸಲ ಮಾತಾಡ್ಬೇಕು." ತಾವಾಗಿ ಕೇಳಿದ್ದು ಅದೇ ಮೊದಲು.

ಚೀಲ ಈಗಲೂ ಬಾಗಿಲ ಪಕ್ಕ ಇರುತ್ತದೆ. ಪಹಣಿ, ಆಧಾರ್, ಎರಡು ಜೊತೆ ಬಟ್ಟೆ, ಟಾರ್ಚು. ತೆಗೆಯಿರಿ ಅಂತ ನಾವ್ಯಾರೂ ಹೇಳುವುದಿಲ್ಲ. ಕೊಡಗಿನಲ್ಲಿ ಆಗಸ್ಟ್ ತಿಂಗಳಲ್ಲಿ ಅಂಥ ಚೀಲ ಇಟ್ಟುಕೊಳ್ಳುವುದು ಕಾಯಿಲೆಯೋ ಬುದ್ಧಿವಂತಿಕೆಯೋ ನನಗಂತೂ ಗೊತ್ತಿಲ್ಲ.

ಕಳೆದ ವರ್ಷ ಜೂನ್‌ನಲ್ಲಿ ಒಂದು ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ಆ ಹೊತ್ತಿನಲ್ಲಿ ಅವರ ಹೆಸರು ಕಂಡು ನನ್ನ ಎದೆ ಧಸಕ್ಕೆಂದಿತು.

"ಏನಾಯ್ತು ಚಿಕ್ಕಪ್ಪ?"

"ಏನಿಲ್ಲ. ಹೊಸ ಮಾಪಕ ಇಟ್ಟೆ, ಅಂಗಳದಲ್ಲಿ. ರಾತ್ರಿ ಎರಡು ಇಂಚು ಹತ್ತು ಸೆಂಟು." ಹಿಂದೆ ಚಿಕ್ಕಮ್ಮ ಪಾತ್ರೆ ತೊಳೆಯುವ ಸದ್ದು. "ನಿಮ್ಮಲ್ಲಿ ಎಷ್ಟು?"

"ಮೈಸೂರಲ್ಲಿ ಎಲ್ಲಿ ಮಳೆ? ಬರೀ ಮೋಡ."

"ಹೌದಾ" ಅಂದರು. ಬರೆದುಕೊಳ್ಳುತ್ತಿದ್ದರೋ ಏನೋ, ಸ್ವಲ್ಪ ಹೊತ್ತು ಮಾತಾಡಲಿಲ್ಲ.